ರಾಜನಿಗೆಂದು ಬಿಟ್ಟ ಮನೆ

ಹತ್ತು ನಡೆಗೆ ಸೋತೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಹೆಂಡತಿ ಈ ಸಂಗತಿಯನ್ನು ನೆಂಟರಿಗೆ ಹೇಳುವಾಗ ಐದೇ ನಡೆ ಎನ್ನುತ್ತಾಳೆ, ಅದೂ ಕೈಯ ಐದು ಬೆರಳನ್ನೂ ಅಗಲಿಸಿ ತೋರಿಸುತ್ತಾಳೆ. ಹತ್ತು. ನಾನು ಎಣಿಸಿದ್ದೇನೆ. ಎಣಿಸುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ಮನೆಯಿಂದ ಹೊರಡುವಾಗ ಗ್ಯಾಸ್ ಆಫ್ ಮಾಡಿದ್ದನ್ನು ಮೂರು ಸಲ ನೋಡುವವನು ನಾನು.

ಆದದ್ದು ಮೊಳಕಾಲ್ಮೂರಿನಲ್ಲಿ. ನಾದಿನಿಯ ಮಗಳ ಮದುವೆಗೆ ಸೀರೆ ಬೇಕಿತ್ತು. ಚಳ್ಳಕೆರೆಯ ಅಂಗಡಿಗಳಲ್ಲೇ ಬೇಕಾದಷ್ಟು ಸಿಗುತ್ತವೆ ಎಂದು ನಾನು ಹೇಳಿದೆ. ನೇಯುವವರ ಮನೆಯಲ್ಲೇ ತೆಗೆದುಕೊಳ್ಳಬೇಕು ಎಂದು ಹೆಂಡತಿ ಹೇಳಿದಳು. ನನ್ನ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿಗೆ ಒಂದು ದಿನ ಬೀಗ ಹಾಕಿ, ಆ ದಿನವೇ ತಾಲ್ಲೂಕಿನ ಅಷ್ಟೂ ಮೋಟಾರುಗಳು ಸುಟ್ಟುಹೋಗುತ್ತವೆ ಎಂದು ನಂಬಿಕೊಂಡು ಬಸ್ಸು ಹತ್ತಿದೆ. ಅಲ್ಲಿ ಹೋಗಿ ನೋಡಿದರೆ ಸೀರೆ ಇನ್ನೂ ಮಗ್ಗದ ಮೇಲಿತ್ತು.

"ಒಂದು ಗೇಣು ಸೆರಗು ಉಳಿದೈತೆ ಅಷ್ಟೇ. ಕೂತ್ಕಳ್ರಿ ಸಾರ್" ಎಂದರು ನೇಕಾರರು. ನನ್ನದೇ ವಯಸ್ಸು. ಗುಂಡಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ರಾಟೆಯಲ್ಲಿ ನೂಲು ಸುತ್ತುತ್ತಿದ್ದರು. ಒಂದು ಗೇಣು ರೇಷ್ಮೆ ಸೆರಗೆಂದರೆ ಅರ್ಧ ದಿನ ಎಂದು ನನಗೆ ಆಗ ಗೊತ್ತಿರಲಿಲ್ಲ. ನಾನು ಬಸ್ಸಿನ ಹೊತ್ತು ಕೇಳಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದೆ. ಮೂರನೇ ಸಲ ಕೇಳಿದಾಗ ಅವರು ಗೋಡೆಯ ಗೂಡಿನಲ್ಲಿದ್ದ ಹಲಗೆಯ ಕಡೆ ಗಲ್ಲ ಎತ್ತಿ, "ಚೆಸ್ ಬರ್ತೈತಾ ಸಾರ್?" ಎಂದರು. ನನ್ನನ್ನು ಸುಮ್ಮನಿರಿಸಲು ಕೇಳಿದ್ದೆಂದು ಈಗ ಅರ್ಥವಾಗುತ್ತದೆ.

"ಚಿಕ್ಕಂದಿನಿಂದ ಆಡ್ತಾ ಇದೀನಿ" ಎಂದೆ. ಹೇಳುವಾಗ ಸ್ವಲ್ಪ ನಗು ಸೇರಿಸಿದೆ, ಪಾಪ ಅವರಿಗೆ ಬೇಜಾರಾಗಬಾರದೆಂದು. ಮನೆಗೆ ಫೋನು ಮಾಡಿ ಅವ್ವನಿಗೂ ಹೇಳಿದೆ: "ಇಲ್ಲೊಬ್ರು ಆಡ್ತಾರೆ ಅವ್ವ, ಒಂದಾಟ ಹಾಕಿ ಬರ್ತೀನಿ." ಆ ಫೋನನ್ನು ನಾನು ಮಾಡಬಾರದಿತ್ತು.

ನನಗೆ ಆಟ ಕಲಿಸಿದ್ದು ಅವ್ವ. ಅವಳು ತವರಿನಿಂದ ತಂದ ಬಟ್ಟೆಯ ಹಾಸಿನ ಮೇಲೆ ಕೆಂಪು ದಾರದಲ್ಲಿ ಮನೆಗಳನ್ನು ಹೊಲಿದಿದೆ. ಸಂಜೆ ಐದೂವರೆಗೆ ನಾನು ಅಂಗಡಿಯಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅವಳು ಹಾಸು ಬಿಚ್ಚಿ ಕಾಯಿ ಜೋಡಿಸಿರುತ್ತಾಳೆ. ಉಳಿದ ಹೊತ್ತೆಲ್ಲ ನಾವು ಅವಳಿಗೆ ಮಾತ್ರೆ ನುಂಗು, ಮೆಟ್ಟಿಲು ಇಳಿಯಬೇಡ ಎಂದು ಹೇಳುತ್ತಿರುತ್ತೇವೆ. ಆ ಒಂದು ತಾಸು ಮಾತ್ರ ಅವಳು ಹೇಳುತ್ತಾಳೆ, ನಾನು ಕೇಳುತ್ತೇನೆ. "ಕೈ ಮುಟ್ಟಿದ್ಮ್ಯಾಲೆ ನಡೆಸ್ಬೇಕು. ಅಂಗಡಿ ಲೆಕ್ಕ ಅಲ್ಲ ಇದು, ತಿದ್ದಾಕೆ."

ಅವ್ವನ ಆಟ ಹಳೆಯ ಪದ್ಧತಿಯದು. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ. ರಾಜ ಮೂಲೆಗೆ ಸರಿದು, ಆನೆಯನ್ನು ಪಕ್ಕಕ್ಕೆ ಕರೆದುಕೊಂಡು ಕೋಟೆ ಕಟ್ಟುವ ಪದ್ಧತಿ ಇಲ್ಲ. ಅದರ ಬದಲು ಇಡೀ ಆಟದಲ್ಲಿ ಒಂದು ಸಲ, ಶಹ ಬಿದ್ದು ಜೀವಕ್ಕೇ ಬಂದಾಗಲೂ ಸೈ, ರಾಜ ಕುದುರೆಯ ಹಾಗೆ ಜಿಗಿಯಬಹುದು. ಹಾಗಾಗಿ ಅವ್ವನ ಆರಂಭ ಯಾವಾಗಲೂ ಒಂದೇ. ಮೊದಲು ಎರಡು ಅಂಚಿನ ಕಾಲಾಳುಗಳನ್ನು ಒಂದೊಂದೇ ಹೆಜ್ಜೆ ಮೇಲೆ ತಂದು ಬೇಲಿ ಹಾಕುವುದು. ಆಮೇಲೆ ಬಲಗಡೆಯ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿ, ಅದು ಇದ್ದ ಮನೆಯನ್ನು ಖಾಲಿ ಬಿಡುವುದು. ಅವ್ವ ಆ ಮನೆಯನ್ನು ತೊಟ್ಟಿಲು ಎನ್ನುತ್ತಾಳೆ. ಕಷ್ಟ ಬಂದಾಗ ರಾಜ ನೆಗೆದು ಬಂದು ಬೀಳುವ ಜಾಗ ಅದು. ಅಲ್ಲಿ ಬೇರೆ ಕಾಯಿ ಇಟ್ಟರೆ ಚಿಕ್ಕಂದಿನಲ್ಲಿ ನನ್ನ ಕೈ ಮೇಲೆ ಪೆಟ್ಟು ಬೀಳುತ್ತಿತ್ತು.

ಹೊರಗಿನ ನಿಯಮ ನನಗೆ ಗೊತ್ತಿಲ್ಲದೆ ಇರಲಿಲ್ಲ. ಕಾಲೇಜಿನಲ್ಲಿ ಆಡಿದ್ದೇನೆ. ಕೋಟೆ ಕಟ್ಟುವುದು ಗೊತ್ತಿತ್ತು. ರಾಜ ಜಿಗಿಯುವಂತಿಲ್ಲ ಎಂಬುದೂ ಗೊತ್ತಿತ್ತು. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ನೇಕಾರರು ಮಗ್ಗದಿಂದ ಮೇಲೇಳಲಿಲ್ಲ. ಮೊದಲ ಅವಮಾನ ಅದು. ಅವರ ಹೆಂಡತಿ ಹಲಗೆಯನ್ನು ತಂದು ನನ್ನ ಮುಂದೆ ಸ್ಟೂಲಿನ ಮೇಲೆ ಇಟ್ಟರು. ಅವರು ಲಾಳಿ ಎಸೆಯುತ್ತಾ, ಕಾಲಲ್ಲಿ ಮಣೆ ತುಳಿಯುತ್ತಾ, ಆಗೊಮ್ಮೆ ಈಗೊಮ್ಮೆ ಕತ್ತು ಹೊರಳಿಸಿ ನೋಡಿ ಹೆಂಡತಿಗೆ ತೆಲುಗಿನಲ್ಲಿ ಹೇಳುವರು. ಆಕೆ ರಾಟೆ ಬಿಟ್ಟು ಬಂದು ಕಾಯಿ ನಡೆಸಿ ಹೋಗುವರು.

ನಾನು ಅಂಚಿನ ಕಾಲಾಳು ತಳ್ಳಿದೆ. ಅವರು ನಡುವಿನ ಕಾಲಾಳನ್ನು ಎರಡು ಮನೆ ತಂದರು. ನಾನು ಇನ್ನೊಂದು ಅಂಚು. ಅವರು ನಡುವೆ ಇನ್ನೊಂದು. ನಾನು ತೊಟ್ಟಿಲು ಖಾಲಿ ಮಾಡಿದೆ.

"ಗುರ್ರಂನಿ ಬಯಟಿಕಿ ತೀಯಿ" ಎಂದರು. ಕುದುರೆಯನ್ನು ಹೊರಗೆ ತೆಗೆ ಅಂತ. ನಮ್ಮ ಕಡೆ ಅಷ್ಟು ತೆಲುಗು ಯಾರಿಗಾದರೂ ಬರುತ್ತದೆ. ಮುಂದಿನ ನಡೆಗೆ ಇನ್ನೊಂದು ಗುರ್ರಂ. ಆಮೇಲೆ ಒಂಟೆ. ಆಮೇಲೆ ಕೋಟೆ. ನಾನು ಅಷ್ಟರಲ್ಲಿ ರಾಜನ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ಅದು ಬಿಟ್ಟ ಜಾಗದಲ್ಲಿ ಕುದುರೆಯನ್ನು ತಂದು ಕೂರಿಸಿ, ರಾಜನ ಸುತ್ತ ಗೋಡೆ ಭದ್ರವಾಯಿತೆಂದು ಸಮಾಧಾನಪಟ್ಟುಕೊಂಡು, ಮತ್ತೆ ಬೇಲಿಯ ಕೆಲಸಕ್ಕೆ ಹೋದೆ. ಒಂಬತ್ತನೇ ನಡೆಗೆ ಅವರ ಒಂದು ಕುದುರೆ ಹಲಗೆಯ ನಟ್ಟನಡುವೆ ಬಂದು ನಿಂತಿತು. ನೋಡಲು ಚೆನ್ನಾಗಿತ್ತು. ನಾನು ಅಂಚಿನ ಕಾಲಾಳನ್ನು ಇನ್ನೊಂದು ಹೆಜ್ಜೆ ತಳ್ಳಿದೆ.

ಆ ಕುದುರೆ ಜಿಗಿದು ನನ್ನ ಕಾಲಾಳುಗಳ ಸಾಲಿನೊಳಗೆ ಬಂದು ಬಿತ್ತು. ಶಹ. ರಾಜನ ಎಡಕ್ಕೆ ಮಂತ್ರಿ, ಬಲಕ್ಕೆ ಒಂಟೆ, ಮುಂದೆ ಕುದುರೆ, ಮೂಲೆಗಳಲ್ಲಿ ಕಾಲಾಳು. ಎಲ್ಲಾ ನನ್ನವರೇ. ಮದುವೆ ಮನೆಯ ಜಮಖಾನದ ಮೇಲೆ ನೆಂಟರ ನಡುವೆ ಸಿಕ್ಕಿಕೊಂಡ ಮದುಮಗನ ಹಾಗೆ ರಾಜ ಕೂತಿದ್ದ. ನಾನು ಒಂದು ಚೂರೂ ಗಾಬರಿಯಾಗಲಿಲ್ಲ. ಜೀವನದಲ್ಲಿ ಗಾಬರಿಯಾಗದೆ ಇದ್ದ ಒಂದೇ ಸಂದರ್ಭ ಅದು. ರಾಜನನ್ನು ಎತ್ತಿ, ನೆಂಟರ ತಲೆಯ ಮೇಲಿಂದ ಹಾರಿಸಿ, ತೊಟ್ಟಿಲಲ್ಲಿ ಇಟ್ಟೆ.

ಆ ಹೆಂಗಸು ಹಲಗೆ ನೋಡಿದರು, ನನ್ನ ಮುಖ ನೋಡಿದರು.

"ಇದೇನ್ರೀ ಅಣ್ಣಾ, ನಿಮ್ಮ ರಾಜ ಕುದ್ರೆ ಹತ್ತಿದ್ನಾ?"

ಮಗ್ಗದ ಸದ್ದು ನಿಂತಿತು. ಬೆಳಿಗ್ಗೆಯಿಂದ ಮೊದಲ ಸಲ. ನೇಕಾರರು ಗುಂಡಿಯಿಂದ ಬಗ್ಗಿ ನೋಡಿ, "ಚೂಡಂಡಿ, ನೋಡ್ರಿ ಸಾರ್, ಆಟ ಮುಗೀತು. ಹಂಗೆ ಹೋಗಂಗಿಲ್ಲ" ಎಂದರು. ದನಿಯಲ್ಲಿ ಮರುಕವಿತ್ತು. ನನ್ನ ಹೆಂಡತಿ ಸೀರೆಯ ಅಂಚು ನೋಡುವ ನೆಪದಲ್ಲಿ ಆ ಕಡೆ ತಿರುಗಿಕೊಂಡಳು. ಭುಜ ಕುಣಿಯುತ್ತಿದ್ದವು.

ಎಲ್ಲಿ ತಪ್ಪಿದೆ ಎಂದು ಕೇಳಿದೆ. ಅವರು ಹೇಳಿದರು, "ತಪ್ಪು ತಿಳ್ಕಬ್ಯಾಡ್ರಿ ಸಾರ್. ನೀವು ಹತ್ತು ಸಲ ಕೈ ಎತ್ತಿದ್ರಿ. ಏಳು ಸಲ ಬೇಲಿ ಕಟ್ಟಿದ್ರಿ. ಮನೆಯಾಗಿದ್ದೋರು ಒಬ್ರು ಬಿಟ್ಟು ಯಾರೂ ಎದ್ದೇ ಇಲ್ಲ. ನಾನು ನಡುವಿನ ಜಾಗ ತಗಂಡು, ಎಲ್ರನ್ನೂ ಎಬ್ಬಿಸಿ, ರಾಜನ್ನ ಮೂಲೆಗೆ ಕಳಿಸ್ದೆ. ಅಷ್ಟೇ."

ಏನಾದರೂ ಘನವಾದದ್ದು ಹೇಳಿ ಮಾನ ಉಳಿಸಿಕೊಳ್ಳಬೇಕೆನ್ನಿಸಿತು. "ಮಗ್ಗಕ್ಕೆ ಮೊದಲು ಹಾಸಿನ ನೂಲು ಸರಿಯಾಗಿ ಹೂಡ್ತೀರಲ್ಲ, ಹಂಗೇ ಅಲ್ವಾ ಇದೂ?" ಎಂದೆ.

"ಮಗ್ಗಕ್ಕೂ ಇದಕ್ಕೂ ಏನ್ ಸಂಬಂಧ ಸಾರ್? ನಾನು ಫೋನ್‌ನಾಗೆ ಕಲ್ತಿದ್ದು" ಎಂದು ಅವರು ಮತ್ತೆ ಲಾಳಿ ಎಸೆದರು.

ಹತ್ತೂ ನಡೆಗಳನ್ನು ಅವರು ಬಾಯಲ್ಲೇ ಹೇಳಿದರು. ಒಂದು ಮದುವೆ ಕರೆಯೋಲೆಯ ಲಕೋಟೆಯ ಹಿಂದೆ ಬರೆದುಕೊಂಡೆ. ಬಸ್ಸಿನಲ್ಲಿ ಅದನ್ನೇ ನೋಡುತ್ತಾ ಬಂದೆ. ಬಿ.ಜಿ. ಕೆರೆಯಲ್ಲಿ ಹೆಂಡತಿ ಕಡಲೆಕಾಯಿ ಕೊಂಡು ನನ್ನ ಕೈಗೆ ಹಾಕಿ, "ತಗಳ್ರಿ, ಸಿಪ್ಪೆ ಸುತ್ತ ಇಟ್ಕಂಡು ಬೇಲಿ ಕಟ್ಕಳ್ರಿ" ಎಂದಳು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಇದ್ದಳು. "ಏನಾಯ್ತಲೇ ಆಟ?"

"ಅರ್ಧಕ್ಕೆ ಬಿಟ್ಟು ಬಂದ್ವಿ ಅವ್ವ. ಬಸ್ ಬಂತು."

ಹೆಂಡತಿ ಸೂರು ನೋಡಿದಳು.

ಸುಳ್ಳು ಹೇಳಿದ್ದಕ್ಕೆ ಕಾರಣವಿದೆ, ಅದು ನನ್ನ ಮಾನದ ಪ್ರಶ್ನೆ ಮಾತ್ರ ಅಲ್ಲ. ಅವ್ವ ಮಾಡುತ್ತಿದ್ದ ಶೇಂಗಾ ಚಟ್ನಿಪುಡಿಗೆ ನಮ್ಮ ಬೀದಿಯಲ್ಲಿ ಹೆಸರಿತ್ತು. ಒಂದು ದಿನ ಊಟಕ್ಕೆ ಬಂದ ನೆಂಟರೊಬ್ಬರು ಉಪ್ಪು ಒಂದು ಕೈ ಮುಂದಾಗಿದೆ ಎಂದರು. ಅವ್ವ ಅವರನ್ನೊಮ್ಮೆ ನೋಡಿದಳು. ಅವತ್ತು ಮಧ್ಯಾಹ್ನ ಕುಟ್ಟುವ ಕಲ್ಲನ್ನು ತೊಳೆದು, ಒಣಗಿಸಿ, ಹಿತ್ತಲಲ್ಲಿ ಬೋರಲು ಹಾಕಿದಳು. ಇವತ್ತಿಗೂ ಅದು ಹಾಗೇ ಇದೆ, ಮೇಲೆ ಬೆಕ್ಕು ಮಲಗುತ್ತದೆ. ಅವ್ವ ಕೈ ಬಿಟ್ಟರೆ ಬಿಟ್ಟಂತೆ. ಈಗ ನಾನು ಹೋಗಿ, ನೀನು ಕಲಿಸಿದ ಆರಂಭದಿಂದ ಹತ್ತು ನಡೆಗೆ ಸೋತೆ ಅವ್ವ ಎಂದರೆ, ಆ ಬಟ್ಟೆಯ ಹಾಸೂ ಮಡಿಸಿ ಟ್ರಂಕಿಗೆ ಹೋಗುತ್ತದೆ. ಆಮೇಲೆ ಸಂಜೆ ಐದೂವರೆಗೆ ಅವಳು ಏನು ಮಾಡುತ್ತಾಳೆ? ನಾನು ಏನು ಮಾಡುತ್ತೇನೆ? ಟಿ.ವಿ. ಮುಂದೆ ಇಬ್ಬರೂ ಮಾತ್ರೆಯ ಡಬ್ಬಿ ಇಟ್ಟುಕೊಂಡು ಕೂರುವ ಚಿತ್ರ ಕಣ್ಣಿಗೆ ಬಂದು ನನಗೆ ಊಟ ಸೇರಲಿಲ್ಲ.

ಹಾಗಾಗಿ ಕದ್ದು ಕಲಿಯಲು ಶುರುಮಾಡಿದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಫೋನಿನಲ್ಲಿ ಪಾಠ ಕೇಳುವುದು. ಕಲಿಸುವವರೆಲ್ಲ ಎಷ್ಟು ಜೋರಾಗಿ ಮಾತಾಡುತ್ತಾರೆಂದರೆ, ಹಿಂದೆ ಪೊಲೀಸರು ಬೆನ್ನಟ್ಟಿದ್ದಾರೇನೋ ಅನ್ನಿಸುತ್ತಿತ್ತು. ಕುದಾಪುರದ ಕಡೆ ಕಟ್ಟಡದ ಕೆಲಸ ಹಿಡಿದಿದ್ದ ಒಬ್ಬರು ಬಂದು ಎರಡು ಇಂಚಿನ ವಾಲ್ವು ಕೇಳಿದರೆ, ನಾನು ಒಂದೂವರೆ ಇಂಚಿನದು ಕೊಟ್ಟು ಕಳಿಸಿದೆ. ಅವರು ಮಾರನೆಯ ದಿನ ಬಂದು ಬೈದು ಹೋದರು. ಆದರೆ ಪಾಠವೆಲ್ಲ ಸುತ್ತಿ ಬಂದು ನೇಕಾರರು ಹೇಳಿದ ಮೂರೇ ಮಾತಿಗೆ ನಿಲ್ಲುತ್ತಿತ್ತು. ನಡು ಹಿಡಿ. ಕಾಯಿಗಳನ್ನು ಎಬ್ಬಿಸು. ರಾಜನನ್ನು ಬೇಗ ಒಳಗೆ ಕಳಿಸು. ಇಷ್ಟಕ್ಕೆ ಒಂದೊಂದು ವಿಡಿಯೋ ಮುಕ್ಕಾಲು ತಾಸು.

ಕಷ್ಟವೆಂದರೆ, ಹಗಲೆಲ್ಲ ಹೊಸದನ್ನು ಕಲಿತು ಸಂಜೆ ಅವ್ವನ ಮುಂದೆ ಏನೂ ಗೊತ್ತಿಲ್ಲದವನಂತೆ ಬೇಲಿ ಕಟ್ಟಬೇಕು. ಎರಡು ಬೀಗದ ಕೈ ಒಂದೇ ಜೇಬಿನಲ್ಲಿಟ್ಟುಕೊಂಡ ಹಾಗಾಯಿತು. ಯಾವುದನ್ನು ಯಾವುದಕ್ಕೆ ಹಾಕುತ್ತಿದ್ದೇನೆ ಎಂಬ ಚಿಂತೆಯಲ್ಲಿ ಆಟವೇ ಹಾಳಾಗಿ ದಿನಾ ಸೋಲುತ್ತಿದ್ದೆ. "ಹುಷಾರಿಲ್ವೇನಲೇ?" ಎಂದು ಅವ್ವ ಹಣೆ ಮುಟ್ಟಿ ನೋಡಿದಳು.

ಎರಡನೇ ವಾರ ಸಿಕ್ಕಿಬಿದ್ದೆ. ಹೆಂಡತಿ ಚಹಾ ತಂದಿಟ್ಟಳು. ನಾನು ಲೋಟ ತೆಗೆದುಕೊಳ್ಳುತ್ತಾ, ಯೋಚಿಸದೆ, ರಾಜನನ್ನು ಬಲಕ್ಕೆ ಎರಡು ಮನೆ ಸರಿಸಿ ಮೂಲೆಯ ಆನೆಯನ್ನು ಈ ಕಡೆಗೆ ಎತ್ತಿಟ್ಟೆ. ಒಂದೇ ಕೈಯಲ್ಲಿ, ಬಹಳ ಚೆಂದಾಗಿ. ಆಮೇಲೆ ಚಹಾ ಕುಡಿದೆ. ಅವ್ವ ಆ ಆನೆಯ ಮೇಲೆ ಬೆರಳಿಟ್ಟಳು.

"ಏನ್ ಮಾಡ್ದೆ ಅದು?"

"ಏನಿಲ್ಲ ಅವ್ವ. ಕೈ ತಪ್ಪಿ..."

"ಎರಡು ಕಾಯಿ ಕೈ ತಪ್ಪಿ ಜಾಗ ಬದಲಾಯಿಸಿದ್ವಾ? ಬೊಗಳು."

ಬೊಗಳಿದೆ. ಸೋತದ್ದು, ಲಕೋಟೆ, ಬಸ್ಸಿನ ಸುಳ್ಳು, ಕಿವಿಯ ತಂತಿ, ವಾಲ್ವು, ಎಲ್ಲ. ಹೇಳುತ್ತಾ ಹೇಳುತ್ತಾ ನನ್ನ ಕಣ್ಣು ಹಾಸಿನ ಅಂಚಿನ ಮೇಲೇ ಇತ್ತು, ಅವ್ವನ ಕೈ ಅದನ್ನು ಯಾವಾಗ ಮಡಿಸುತ್ತದೋ ಎಂದು. ಅವಳ ಕೈ ಹಾಸಿನ ಕಡೆ ಬಂದೇ ಬಂತು. ಕಾಯಿಗಳನ್ನೆಲ್ಲ ಒಂದು ಕಡೆ ಬಳಿದಳು. ಮುಗಿಯಿತು ಎಂದುಕೊಂಡೆ.

"ಆ ಲಕೋಟೆ ಎಲ್ಲೈತೆ? ತಗಂಡು ಬಾ. ಅವನು ಹೆಂಗೆ ಹೊಡೆದ ತೋರ್ಸು."

ಲಕೋಟೆ ನೋಡಿಕೊಂಡು ಒಂದೊಂದೇ ನಡೆಯನ್ನು ಬಟ್ಟೆಯ ಮೇಲೆ ಇಟ್ಟು ತೋರಿಸಿದೆ. ಕಾಲಾಳು ಎರಡು ಮನೆ ಹೋದಾಗ ಅವ್ವ ಹುಬ್ಬು ಏರಿಸಿದಳು. ಕೋಟೆ ಕಟ್ಟಿದ್ದನ್ನು ನೋಡಿ, "ಥೂ, ಮೂಲೆಗೆ ಹೋಗಿ ಕೂತ್ಕಂತಾನಾ? ಎಂಥ ರಾಜ!" ಎಂದಳು. ಅವರ ಕುದುರೆ ನಡುವೆ ಬಂದು ನಿಂತಾಗ ನನ್ನ ಕೈ ಹಿಡಿದು ನಿಲ್ಲಿಸಿದಳು.

"ನಿಲ್ಲು. ಅವರ ಆಟದಾಗೆ ರಾಜ ಜಿಗಿಯಂಗಿಲ್ಲ ಅಂದ್ಯಲ್ಲ?"

"ಇಲ್ಲ ಅವ್ವ."

"ಮತ್ತೆ ತೊಟ್ಲು ಯಾರಿಗೆ ಅಂತ ಖಾಲಿ ಇಟ್ಟಿದ್ದೆ?"

ಅವ್ವ ನನ್ನ ಒಂಟೆಯನ್ನು ಎತ್ತಿ ಆ ಖಾಲಿ ಮನೆಯಲ್ಲಿ ಇಟ್ಟಳು. ಈಗ ಅದರ ದಾರಿ ನೇರವಾಗಿ ಆ ಕುದುರೆ ಬಂದು ಬೀಳಬೇಕಾದ ಮನೆಯ ಮೇಲೇ ಹಾಯುತ್ತಿತ್ತು. ಬಂದರೆ ಕುದುರೆ ಸಾಯುತ್ತದೆ. ಅಷ್ಟೇ ಅಲ್ಲ, ಒಂಟೆ ಎದ್ದಿದ್ದರಿಂದ ರಾಜನ ಪಕ್ಕಕ್ಕೆ ಉಸಿರಾಡಲು ಒಂದು ಜಾಗವೂ ಆಯಿತು. ಹತ್ತು ದಿನ ಫೋನಿನಲ್ಲಿ ಕಿರುಚಿದವರು ಯಾರೂ ನನಗೆ ಇದನ್ನು ತೋರಿಸಿರಲಿಲ್ಲ. ತೋರಿಸಿದ್ದರೂ ನನಗೆ ಕಾಣುತ್ತಿರಲಿಲ್ಲ. ಆ ಮನೆಯಲ್ಲಿ ಕಾಯಿ ಇಟ್ಟರೆ ಪೆಟ್ಟು ಬೀಳುತ್ತದೆ ಎಂದು ಕೈ ನಂಬಿಕೊಂಡಿತ್ತು.

"ನೀನೇ ಅಲ್ವಾ ಅಲ್ಲಿ ಏನೂ ಇಡಬ್ಯಾಡ ಅಂದಿದ್ದು?" ಎಂದೆ. ಐವತ್ತರ ಹತ್ತಿರ ಬಂದವನ ದನಿ ಅಲ್ಲ ಅದು.

"ನಮ್ಮ ಆಟಕ್ಕೆ ಅಂದಿದ್ದು ಕಣಲೇ. ನಮ್ಮ ರಾಜ ಜಿಗೀತಾನೆ, ಅದಕ್ಕೇ ನಡುಮನೆಯಾಗೆ ಧೈರ್ಯವಾಗಿ ಕೂರ್ತಾನೆ. ನಮ್ಮ ಸಿಪಾಯಿ ಮೆಲ್ಲಗೆ ಹೋಗ್ತಾನೆ, ಅದಕ್ಕೇ ಬೇಲಿ ಕಟ್ಟಾಕೆ ಹೊತ್ತು ಸಿಕ್ತೈತೆ. ಅವನ ಸಿಪಾಯಿ ಎರಡು ಹೆಜ್ಜೆ ಹಾಕ್ಕಂಡು ಬಂದು ನಡುಮನೆ ಬಾಗಿಲಾಗೆ ನಿಂತ್ರೆ, ನೀನು ಹಿತ್ತಲಾಗೆ ಬೇಲಿ ಕಟ್ತಾ ಕೂತಿದ್ಯಾ? ಅವರ ಆಟ ಆಡಾಕೆ ಹೋಗಿ ನಮ್ಮ ಪಾಠ ಒಪ್ಪಿಸಿ ಬಂದಿದೀಯ. ತಪ್ಪು ನನ್ನ ಪಾಠದ್ದೋ, ನಿನ್ನ ತಲೇದೋ?"

ಅಡುಗೆಮನೆಯಿಂದ, "ತಲೇದು ಅತ್ತೆ" ಎಂಬ ಉತ್ತರ ಬಂತು.

ನಾನು ಎರಡು ವಾರ ಊಟ ಬಿಟ್ಟು ಚಿಂತೆ ಮಾಡಿದ್ದು ಯಾವ ಸುಖಕ್ಕೆ? ಸೀರೆಗೆ ಕುಚ್ಚು ಹಾಕಿಸುವ ಕೆಲಸ ಇನ್ನೂ ಬಾಕಿ ಇತ್ತು. ಆ ನೆಪದಲ್ಲಿ ಮುಂದಿನ ವಾರ ಒಬ್ಬನೇ ಮೊಳಕಾಲ್ಮೂರಿಗೆ ಹೋದೆ. ನೇಕಾರರು ಹೊಸ ಸೀರೆ ಹಿಡಿದಿದ್ದರು. ನನ್ನನ್ನು ಕಂಡು ಹೆಂಡತಿಯತ್ತ ಕಣ್ಣು ಮಿಟುಕಿಸಿದ್ದು ನನಗೆ ಕಾಣಲಿಲ್ಲ ಎಂದುಕೊಂಡಿರಬೇಕು.

ನಡುವಿನ ಕಾಲಾಳನ್ನು ಎರಡು ಮನೆ ತಂದೆ. ಕುದುರೆ ಹೊರಗೆ. ಆಮೇಲೆ ಅವ್ವನ ಕಾಲಾಳು ಒಂದು ಮನೆ ಮುಂದಕ್ಕೆ. "ಮತ್ತೆ ಶುರುವಾಯ್ತು" ಎಂದು ಆ ಹೆಂಗಸು ರಾಟೆಯ ಮುಂದೆಯೇ ಗೊಣಗಿದರು. ನಾನು ಒಂಟೆಯನ್ನು ತೊಟ್ಟಿಲಲ್ಲಿ ಇಟ್ಟೆ. ಇಡುವಾಗ ಪೆಟ್ಟು ಬೀಳುತ್ತದೇನೋ ಎಂದು ಸುತ್ತ ನೋಡಿಕೊಂಡೆ ಎಂದು ಒಪ್ಪಿಕೊಳ್ಳುತ್ತೇನೆ. ಅದರ ಮುಂದಿನ ನಡೆಗೆ ರಾಜನನ್ನು ಆ ಒಂಟೆಯ ಹಿಂದೆ ಕೋಟೆಗೆ ಕಳಿಸಿದೆ. ಹನ್ನೆರಡನೇ ನಡೆಯ ಹೊತ್ತಿಗೆ ನೇಕಾರರು ಕತ್ತು ಹೊರಳಿಸಿದವರು ಹಾಗೇ ನೋಡುತ್ತಾ ಉಳಿದರು. ಹದಿನೈದಕ್ಕೆ ಲಾಳಿ ಕೆಳಗಿಟ್ಟರು. ಹದಿನೆಂಟಕ್ಕೆ ಗುಂಡಿಯಿಂದ ಮೇಲೆದ್ದು, ಮಂಡಿ ನೀವಿಕೊಂಡು ಬಂದು ನನ್ನ ಎದುರು ಕೂತರು.

ಮೂವತ್ತನಾಲ್ಕನೇ ನಡೆಗೆ ಸೋತೆ. ಆರಂಭ ಮುಗಿದ ಮೇಲೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲವಲ್ಲ.

"ಮಗ್ಗ ನಿಲ್ಲಿಸಿ ಆಡ್ಬೇಕಾಯ್ತಲ್ಲ ಸಾರ್" ಎಂದರು ಅವರು. "ಎಲ್ಲಿ ಕಲ್ತ್ರಿ?"

"ನಮ್ಮವ್ವ."

ಅವರು ನಂಬಲಿಲ್ಲ.

ಸಂಜೆ ಮನೆ ಸೇರಿದಾಗ ಹಾಸು ಬಿಚ್ಚಿತ್ತು. ಕಾಯಿ ಜೋಡಿಸಿತ್ತು. ಅವ್ವ ಕೇಳುವ ಮೊದಲೇ, "ಸೋತೆ. ಮೂವತ್ನಾಲ್ಕು ನಡೆ" ಎಂದೆ. ಸಂಖ್ಯೆಯನ್ನು ಸ್ವಲ್ಪ ಒತ್ತಿ ಹೇಳಿದೆ.

"ಸೋತಿದ್ದು ಸೋತಿದ್ದೇ. ಎಷ್ಟಾದ್ರೇನು? ಕೂತ್ಕ."

ಕೂತೆ. ಎರಡೆರಡು ಆಟದ ನಿಯಮ ತಲೆಯಲ್ಲಿಟ್ಟುಕೊಂಡು ನನ್ನಿಂದಾಗದು ಎಂದು ನಿರ್ಧರಿಸಿಕೊಂಡೇ ಬಂದಿದ್ದೆ. ಬಸ್ಸಿನಲ್ಲಿ ಮಾತು ಕೂಡ ಜೋಡಿಸಿಕೊಂಡಿದ್ದೆ. "ಅವ್ವ, ಇನ್ಮೇಲೆ ನಾವೂ ಹೊಸ ಪದ್ಧತಿಯಾಗೇ ಆಡಾಣ. ಕೋಟೆ ಕಟ್ಟೋದು. ಜಿಗಿಯೋದು ಬ್ಯಾಡ."

ಅವ್ವ ನನ್ನನ್ನು ನೋಡಿದಳು. ಚಟ್ನಿಪುಡಿಯ ನೆಂಟರನ್ನು ಅವತ್ತು ಹೀಗೇ ನೋಡಿದ್ದಳು. ಹಿತ್ತಲಿನ ಕಲ್ಲು, ಬೆಕ್ಕು, ಟ್ರಂಕು, ಟಿ.ವಿ., ಎಲ್ಲ ಒಂದಾದ ಮೇಲೊಂದು ನನ್ನ ಕಣ್ಣ ಮುಂದೆ ಬಂದವು.

"ನಿನ್ನ ರಾಜ ಬೇಕಾದ್ರೆ ಮೂಲೆಗೆ ಹೋಗಿ ಕೂತ್ಕಳ್ಳಿ. ನಾನ್ಯಾಕೆ ಬ್ಯಾಡ ಅನ್ಲಿ?" ಎಂದಳು. "ನನ್ನದು ಜಿಗೀತೈತೆ."

"ಅದೆಂಗವ್ವ? ಒಂದೇ ಆಟದಾಗೆ ಇಬ್ರಿಗೂ ಬೇರೆ ಬೇರೆ..."

"ನಿನ್ನ ಸಿಪಾಯಿನೂ ಎರಡು ಹೆಜ್ಜೆ ಹೋಗ್ಲಿ. ಹುಡುಗ ಪಾಠ ಕಲ್ತು ಬಂದೈತೆ, ಅಷ್ಟೂ ಬಿಡದಿದ್ರೆ ಹೆಂಗೆ? ನಡೆಸು."

ಇದು ಅನ್ಯಾಯ ಎಂದೆ. ಜಗತ್ತಿನಲ್ಲಿ ಎಲ್ಲೂ ಹೀಗೆ ಆಡುವುದಿಲ್ಲ ಎಂದೆ. ಅಡುಗೆಮನೆಯ ಕಡೆ ನೋಡಿದರೆ ಅಲ್ಲಿಂದ ಸಹಾಯ ಬರುವ ಸೂಚನೆಯಿರಲಿಲ್ಲ. ನಡು ಹಿಡಿದೆ, ಕುದುರೆ ಎಬ್ಬಿಸಿದೆ, ಕೋಟೆ ಕಟ್ಟಿದೆ. ಎಲ್ಲವನ್ನೂ ಪಾಠದಲ್ಲಿ ಹೇಳಿದ ಹಾಗೆಯೇ ಮಾಡಿದೆ. ಇಪ್ಪತ್ತರ ಆಸುಪಾಸಿನಲ್ಲಿ ಅವಳ ರಾಜನನ್ನು ಮೂರು ಕಡೆಯಿಂದ ಮುತ್ತಿ ಶಹ ಕೊಟ್ಟೆ. ಈ ಸಲ ಆ ರಾಜನಿಗೆ ಎಲ್ಲೂ ದಾರಿಯಿರಲಿಲ್ಲ.

ಅವ್ವ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ರಾಜನನ್ನು ಎತ್ತಿದಳು, ಎಲ್ಲರ ತಲೆಯ ಮೇಲಿಂದ ಹಾರಿಸಿ ತೊಟ್ಟಿಲಲ್ಲಿ ಇಟ್ಟಳು. ಮೊದಲ ನಡೆಗಳಿಂದಲೂ ಆ ಮನೆಯನ್ನು ಖಾಲಿ ಬಿಟ್ಟುಕೊಂಡೇ ಕೂತಿದ್ದಳು. ಅದು ನನಗೆ ಕಂಡೂ ಇತ್ತು. ಅಲ್ಲಿಂದ ಏಳು ನಡೆಗೆ ನನ್ನ ಕೋಟೆಯೊಳಗೇ ನನ್ನನ್ನು ಹೊಡೆದಳು.

"ಮೂಲೆಗೆ ಹೋದವನಿಗೆ ಓಡಾಕೆ ಜಾಗ ಎಲ್ಲೈತೆ?" ಎಂದು ಕಾಯಿಗಳನ್ನು ಡಬ್ಬಿಗೆ ಸುರಿದಳು. ಹಾಸನ್ನು ಕೊಡವಿದಳು, ನಾಲ್ಕು ಮಡಿಕೆ ಮಾಡಿದಳು. ಟ್ರಂಕಿನ ಕಡೆ ಹೋಗಲಿಲ್ಲ. ಯಾವಾಗಿನಂತೆ ದಿಂಬಿನ ಕೆಳಗೆ ಇಟ್ಟಳು. "ನಾಳೆ ಫೋನ್‌ನಾಗೆ ಅದನ್ನೂ ಕೇಳ್ಕಂಡು ಬಾ. ಜಿಗಿಯೋ ರಾಜನ್ನ ಹೆಂಗೆ ಹೊಡೀಬೇಕು ಅಂತ."

ಕೇಳಿದೆ. ಮಾರನೆಯ ದಿನ ಅಂಗಡಿಯಲ್ಲಿ ಕೂತು ಅರ್ಧ ದಿನ ಹುಡುಕಿದೆ. ಅದಕ್ಕೆ ಯಾರ ಹತ್ತಿರವೂ ವಿಡಿಯೋ ಇಲ್ಲ.